ಟೈರಿನ ಪಕ್ಕೆ ಓದುತ್ತ ಇಪ್ಪತ್ತೆಂಟು ವರ್ಷ

ಹೋದ ತಿಂಗಳು ನಮ್ಮ ಅಂಗಡಿಯಿಂದ ಫೋನ್ ಬಂತು. ನಾನು ಕೆಲಸ ಬಿಟ್ಟ ಮೇಲೆ ಕೌಂಟರಿಗೆ ಸೇರಿರುವ ಹೆಣ್ಣುಮಗಳು ಮಾಡಿದ್ದಳು.

"ಮೇಡಂ, ಗಿರಾಕಿ ಒಬ್ರು ಬಂದವ್ರೆ. ಡಿಸ್ಕು ಕಂಪನಿದೇ ಇರ್ಲಿ, ಟೈರು ಮಾತ್ರ ದಪ್ಪದು ಆಕಿ ಅಂತವ್ರೆ. ಆಕ್ಬೋದಾ?"

"ಯಾವ ಕಾರು? ಈಗ ಯಾವ ಸೈಜು ಅದೆ? ಯಾವ ರೋಡಲ್ಲಿ ಓಡಾಡ್ತಾರಂತೆ?"

"ಅದೆಲ್ಲ ಕೇಳ್ನಿಲ್ಲ ಮೇಡಂ."

"ಕೇಳವ್ವ. ಕೇಳ್ಬುಟ್ಟು ಆಮೇಲೆ ನಂಗೆ ಮಾಡು."

ಫೋನಿಟ್ಟ ಮೇಲೆ ನಗು ಬಂತು. ಅವಳ ವಯಸ್ಸಿನಲ್ಲಿ ನಾನೂ ಕೇಳುತ್ತಿರಲಿಲ್ಲ. ಏನೇನು ಕೇಳಬೇಕು ಎಂದು ಕಲಿಯುವುದಕ್ಕೆ ನಾನು ಎಷ್ಟೋ ಜನರಿಂದ ಬೈಸಿಕೊಂಡಿದ್ದೇನೆ. ಅದನ್ನು ಬರೆದಿಟ್ಟರೆ ಇವಳಿಗಾದರೂ ಬೈಗುಳ ಕಡಿಮೆಯಾದೀತು ಎಂದು ಈ ಪುಸ್ತಕ ಹಿಡಿದು ಕೂತಿದ್ದೇನೆ.

ನನ್ನ ಊರು ಮಾಂಬಳ್ಳಿ. ಕೊಳ್ಳೇಗಾಲದ ಟೈರ್ ಅಂಗಡಿಗೆ ಬಿಲ್ಲು ಬರೆಯುವ ಕೆಲಸಕ್ಕೆ ಸೇರಿದಾಗ ನನಗೆ ಟೈರು ಎಂದರೆ ದುಂಡಗೆ, ಕಪ್ಪಗೆ ಇರುತ್ತದೆ ಎಂಬುದಷ್ಟೇ ಗೊತ್ತಿತ್ತು. ಆಗ ಅಂಗಡಿಗೆ ಬರುತ್ತಿದ್ದದ್ದು ಹೆಚ್ಚಾಗಿ ಟ್ರ್ಯಾಕ್ಟರು, ಜೀಪು. ಕಾರು ಬಂದರೆ ಎದುರಿನ ಹೋಟೆಲಿನವರೂ ಎದ್ದು ನೋಡುತ್ತಿದ್ದರು. ಅಂಗಡಿಯ ಮಾಲೀಕರು ಮರಿಸ್ವಾಮಪ್ಪನವರು. ಊರೆಲ್ಲ ಅವರನ್ನು ಸಾವ್ಕಾರ್ರು ಎನ್ನುತ್ತಿತ್ತು. ದೊಡ್ಡ ಮೈ, ದೊಡ್ಡ ದನಿ. ಗಿರಾಕಿ ಕಾರಿನಿಂದ ಇಳಿಯುವ ಮೊದಲೇ ಯಾವ ಟೈರು ಹಾಕಬೇಕೆಂದು ತೀರ್ಮಾನ ಮಾಡಿಬಿಡುವ ಸ್ವಭಾವ. ಟೈರು ಬಿಚ್ಚಿ ಹಾಕುವ ಕೆಲಸ ಸಾದಿಕ್ ಭಾಯಿಯದು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಮೂರು ಕಬ್ಬಿಣದ ಪಟ್ಟಿ ಮತ್ತು ತನ್ನ ಮೊಣಕಾಲು, ಇಷ್ಟರಿಂದಲೇ ಎಂಥ ಟೈರನ್ನೂ ಡಿಸ್ಕಿನಿಂದ, ಅಂದರೆ ಚಕ್ರದ ಲೋಹದ ಭಾಗದಿಂದ, ಕಳಚಿ ಹಾಕುತ್ತಿದ್ದರು.

ಸೇರಿದ ಎರಡನೇ ವಾರ ಸಾದಿಕ್ ಭಾಯಿ ನನ್ನನ್ನು ಕೌಂಟರಿನಿಂದ ಎಬ್ಬಿಸಿಕೊಂಡು ಹೋಗಿ ಒಂದು ಕಾರಿನ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂರಿಸಿದರು.

"ತಂಗ್ಯಮ್ಮ, ನೀನು ಬಿಲ್ಲಲ್ಲಿ ಏನ್ ಬರೀತೀಯೋ ಅದ್ನೇ ಗೋಡೌನಿನವ್ರು ಕಳಿಸ್ತಾರೆ. ನೀನ್ ತಪ್ಪು ಬರದ್ರೆ ನಾನ್ ತಪ್ಪು ಆಕ್ತೀನಿ. ಓದು."

ಟೈರಿನ ಪಕ್ಕೆಯ ಮೇಲೆ 175/65 R14 ಎಂದಿತ್ತು. ಮೊದಲನೆಯದು ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕೆಯ ಎತ್ತರ. ಅದು ಮಿಲಿಮೀಟರಲ್ಲ, ಅಗಲದಲ್ಲಿ ನೂರಕ್ಕೆ ಅರವತ್ತೈದು ಪಾಲು. ಕೊನೆಯದು ಡಿಸ್ಕಿನ ಅಳತೆ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮೂರು ಥರದ ಲೆಕ್ಕ ಯಾಕಿಟ್ಟರೋ ಎಂದು ನಾನು ಕೇಳಿದೆ. "ಅದ್ನ ಮಾಡ್ದವ್ರ ಕೇಳಬೇಕು. ನೀನು ಓದು ಸಾಕು" ಎಂದರು. ಅದರ ಪಕ್ಕದಲ್ಲಿ ಇನ್ನೊಂದು ಅಂಕಿ ಇತ್ತು, ಟೈರು ಎಷ್ಟು ಭಾರ ಹೊರುತ್ತದೆ ಎಂಬುದಕ್ಕೆ. ಇನ್ನೊಂದು ಕಡೆ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ, ಯಾವ ವರ್ಷದ ಎಷ್ಟನೇ ವಾರದಲ್ಲಿ ಟೈರು ತಯಾರಾಯಿತು ಎಂದು. ಅಂದಿನಿಂದ ನನಗೆ ಒಂದು ಚಾಳಿ ಅಂಟಿಕೊಂಡಿತು. ಮದುವೆ ಮನೆಗೆ ಹೋದರೂ ಛತ್ರದ ಮುಂದೆ ನಿಂತ ಕಾರುಗಳ ಪಕ್ಕೆ ಓದಿಯೇ ಒಳಗೆ ಹೋಗುವುದು. ನಮ್ಮ ಯಜಮಾನರು ಸೀರೆ ಉಡುಗೊರೆಯ ಚೀಲ ಹಿಡಿದುಕೊಂಡು ಬಾಗಿಲಲ್ಲಿ ಕಾಯುತ್ತಿದ್ದರು.

ಓದುವುದು ಬಂತು ಎಂದುಕೊಂಡ ಮೇಲೆ ಮೊದಲ ಎಡವಟ್ಟು ಆಯಿತು.

ಯಳಂದೂರಿನ ಹೈಸ್ಕೂಲಿನ ಗಣಿತದ ಮೇಷ್ಟ್ರು ಸಿದ್ದಲಿಂಗಪ್ಪನವರು ಮೈಸೂರಿನಲ್ಲಿ ಯಾರಿಂದಲೋ ಒಂದು ಹಳೆಯ ಕಾರು ಕೊಂಡಿದ್ದರು. ಹಿಂದೆ ಉದ್ದ ಡಿಕ್ಕಿ ಇರುವಂಥದ್ದು. ಟೈರು ಸವೆದಿವೆ, ನಾಲ್ಕೂ ಬದಲಾಯಿಸಿ ಎಂದು ಬಂದರು. ಅಂದು ಸಾದಿಕ್ ಭಾಯಿ ರಜೆ, ಬದಲಿಗೆ ಬೇರೆ ಅಂಗಡಿಯವನು ಬಂದಿದ್ದ. ನಾನು ಹೆಮ್ಮೆಯಿಂದ ಎದ್ದು ಹೋಗಿ ಸವೆದ ಟೈರಿನ ಪಕ್ಕೆ ಓದಿ, 155/65 R14 ಎಂದು ಬರೆದು, ಅದೇ ಅಳತೆಯ ಹೊಸ ಟೈರು ಹಾಕಿಸಿ ಕಳಿಸಿದೆ.

ಮಾರನೇ ದಿನ ಬಿಲ್ಲು ನೋಡಿದ ಸಾದಿಕ್ ಭಾಯಿ ಹುಬ್ಬು ಮೇಲೆತ್ತಿದರು. "ಈ ಕಾರಿಗೆ ಇಷ್ಟು ಸಣ್ಣ ಟೈರಾ? ಇದು ಚಿಕ್ಕ ಕಾರಿಂದು. ಬಾಗ್ಲ ಪಕ್ಕ ಚೀಟಿ ನೋಡಿದ್ಯಾ?"

ಯಾವ ಚೀಟಿ? ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಅಂಟಿಸಿರುವ ಚೀಟಿ. ಆ ಕಾರಿಗೆ ತಯಾರಿಸಿದವರೇ ಗೊತ್ತು ಮಾಡಿದ ಅಳತೆ, ಎಷ್ಟು ಗಾಳಿ, ಎಲ್ಲ ಅದರಲ್ಲಿರುತ್ತದೆ. ನಾನು ಸವೆದ ಟೈರನ್ನು ನಂಬಿದ್ದೆ. ಹಿಂದಿನ ಮಾಲೀಕ ಅಗ್ಗಕ್ಕೆ ಸಿಕ್ಕಿತೆಂದು ಸಣ್ಣದು ಹಾಕಿಸಿದ್ದ, ನಾನು ಅವನ ತಪ್ಪನ್ನೇ ಹೊಸದಾಗಿ ಮಾಡಿದ್ದೆ. ಆ ಟೈರು ಅಷ್ಟು ದೊಡ್ಡ ಕಾರಿನ ಭಾರಕ್ಕೆ ಮಾಡಿದ್ದಲ್ಲ. ಐದು ಜನ ಕೂತು ಬಿಸಿಲಿನಲ್ಲಿ ಜೋರಾಗಿ ಓಡಿಸಿದರೆ ಒಡೆದರೂ ಒಡೆಯಿತು. ಮೇಷ್ಟ್ರಿಗೆ ಆಳು ಕಳಿಸಿ ಕರೆಸಿದೆವು. ಸಾವ್ಕಾರ್ರು ನನಗೆ ಬೈದು ಮುಗಿಸಿ, ಟೈರು ವಾಪಸ್ಸು ತೆಗೆದುಕೊಂಡು, ಸರಿಯಾದ 175 ಹಾಕಿಸಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಹದಿನೈದು ದಿನಕ್ಕೆ ಮೇಷ್ಟ್ರು ಒಂದು ನೋಟ್‌ಬುಕ್ಕು ಹಿಡಿದು ಬಂದರು. ಮುಖ ಕೆಂಪಗಿತ್ತು.

"ನೋಡವ್ವ, ಮೊದ್ಲಿದ್ದ ಸಣ್ಣ ಟೈರಲ್ಲಿ ನನ್ ಕಾರು ಲೀಟರಿಗೆ ಇಪ್ಪತ್ತೆರಡು ಕೊಡ್ತಿತ್ತು. ನೀವು ಟೈರು ಬದಲಾಯ್ಸಿದ ಮೇಲೆ ಇಪ್ಪತ್ತೊಂದು. ನಾನು ಪ್ರತಿ ಸಲ ಬರ್ದು ಇಟ್ಟಿದ್ದೀನಿ. ನನ್ ಲೆಕ್ಕ ತಪ್ಪಾಗಲ್ಲ."

ಸಾದಿಕ್ ಭಾಯಿ ಎದ್ದು ಹೋಗಿ ಒಂದು 155, ಒಂದು 175 ಟೈರು ಉರುಳಿಸಿಕೊಂಡು ಬಂದರು. ಎರಡರ ಮೇಲೂ ಸೀಮೆಸುಣ್ಣದಿಂದ ಗುರುತು ಹಾಕಿ, ಆ ಗುರುತು ನೆಲಕ್ಕೆ ತಾಗುವಂತೆ ಒಂದೇ ಗೆರೆಯ ಮೇಲೆ ನಿಲ್ಲಿಸಿದರು. "ಮೇಷ್ಟ್ರೆ, ನೀವೊಂದು ಉರುಳ್ಸಿ, ತಂಗ್ಯಮ್ಮ ಒಂದು. ಒಂದೇ ಸುತ್ತು."

ಉರುಳಿಸಿದೆವು. ಗುರುತು ಮತ್ತೆ ನೆಲಕ್ಕೆ ಬರುವ ಹೊತ್ತಿಗೆ ನನ್ನ ಸಣ್ಣ ಟೈರು ಮೇಷ್ಟ್ರ ಟೈರಿಗಿಂತ ನಾಲ್ಕು ಬೆರಳು ಹಿಂದೆ ಇತ್ತು. ಮೇಷ್ಟ್ರು ಒಂದು ಗಳಿಗೆ ನೆಲವನ್ನೇ ನೋಡಿದರು. ಆಮೇಲೆ ತಮ್ಮ ಹಣೆಗೆ ತಾವೇ ಬಡಿದುಕೊಂಡರು.

"ಅಯ್ಯೋ! ಮೀಟ್ರು ಸುತ್ತು ಎಣಿಸ್ತದೆ. ಸಣ್ಣ ಟೈರು ಜಾಸ್ತಿ ಸುತ್ತು ಸುತ್ತಿ ಓಡದೇ ಇರೋ ಕಿಲೋಮೀಟರ್ನೂ ತೋರುಸ್ತಿತ್ತು. ನಂಗೆ ಸುಳ್ಳು ಮೈಲೇಜು ಕೊಟ್ಟು ಕುಸಿಪಡ್ಸಿ ಬುಟ್ಟಿತ್ತಲ್ಲವ್ವ!"

ಜಗಳಕ್ಕೆ ಬಂದವರು ನಮ್ಮ ಕೌಂಟರಿನ ಮೇಲೇ ಬಿಲ್ಲಿನ ಹಿಂಬದಿಯಲ್ಲಿ ಪರಿಧಿಯ ಲೆಕ್ಕ ಮಾಡಿ, ನೂರಕ್ಕೆ ನಾಲ್ಕೂವರೆ ಎಂದು ಉತ್ತರ ತೆಗೆದು, ನಮಗೆಲ್ಲ ಟೀ ಹೇಳಿದರು. ಆ ವರ್ಷ ಅವರ ಶಾಲೆಯ ಪ್ರಶ್ನೆಪತ್ರಿಕೆಯಲ್ಲಿ ಎರಡು ಟೈರಿನ ಲೆಕ್ಕ ಬಂದಿತ್ತಂತೆ. ಅದರಲ್ಲಿ ಟೈರ್ ಅಂಗಡಿಯವಳ ಹೆಸರೂ ನನ್ನದೇ, ನಾಗರತ್ನ ಎಂದೇ ಇತ್ತಂತೆ. ಬಹಳ ಮಕ್ಕಳು ಉತ್ತರ ತಪ್ಪು ಬರೆದರು ಎಂದು ಮೇಷ್ಟ್ರು ಬೇಸರಪಟ್ಟರು. ನನಗೆ ಸಮಾಧಾನವಾಯಿತು.

ಎರಡನೆಯ ಎಡವಟ್ಟನ್ನು ಇಷ್ಟು ಸುಲಭವಾಗಿ ಹೇಳಲಾರೆ. ಅದು ಗೊತ್ತಿಲ್ಲದೆ ಮಾಡಿದ್ದಲ್ಲ.

ಬಂಡಳ್ಳಿಯ ಮಾದೇಶ ಬಾಡಿಗೆ ಕಾರು ಓಡಿಸುತ್ತಿದ್ದ. ಹನೂರಿನಿಂದ ಮಾದಪ್ಪನ ಬೆಟ್ಟಕ್ಕೆ ಜನರನ್ನು ಕರೆದುಕೊಂಡು ಹೋಗಿ ಬರುವುದು ಅವನ ಜೀವನ. ಅವನದೂ ಡಿಕ್ಕಿ ಕಾರೇ. 185/60 R15 ಅದರ ಅಳತೆ. ಒಂದು ದಿನ ಬಂದು, "ರತ್ನಕ್ಕ, ಜನ ತುಂಬ್ಕಂಡು ರೋಡಿನ ಅಂಪು ಅತ್ತುಸಿದ್ರೆ ಕೆಳ್ಗಡೆ ಕರಕರ ಅಂತದೆ. ಡಿಸ್ಕು ಬದಲಾಯ್ಸಕ್ಕೆ ಆಗಲ್ಲ, ಅದುಕ್ಕೇ ಒಳ್ಳೆ ಎತ್ತರದ ಟೈರು ಆಕ್ಕೊಡು" ಎಂದ.

ಅದೇ ಡಿಸ್ಕಿಗೆ 195/60 ಹಾಕಬಹುದು, ಆದರೆ ಅದರಿಂದ ಎತ್ತರ ಅಷ್ಟೇನೂ ಏರುವುದಿಲ್ಲ ಎಂದು ನಾನು ಹೇಳುತ್ತಿದ್ದೆ. ಒಳಗಿನಿಂದ ಸಾವ್ಕಾರ್ರ ದನಿ ಬಂತು. "ದೊಡ್ಡ ಗಾಡಿದು 205/65 ಅವಲ್ಲ, ಅವ್ನೇ ಆಕವ್ವ. ಡಿಸ್ಕು ಅದ್ನೈದು, ಟೈರೂ ಅದ್ನೈದು. ಇನ್ನೇನ್ ನೋಡೋದು?"

ಅವು ಏಳೆಂಟು ಜನ ಕೂರುವ ಗಾಡಿಗಳಿಗೆಂದು ತರಿಸಿದ್ದ ಟೈರು. ಮೂಲೆಯಲ್ಲಿ ಬಹಳ ದಿನದಿಂದ ಕೂತಿದ್ದವು. ಮೇಷ್ಟ್ರ ಪ್ರಸಂಗದ ಮೇಲೆ ನನಗೆ ಲೆಕ್ಕ ಬರುತ್ತಿತ್ತು. ಸುತ್ತಳತೆ ಮೊದಲಿನದಕ್ಕಿಂತ ನೂರಕ್ಕೆ ಮೂರರ ಒಳಗೆ ಹೆಚ್ಚು ಕಡಿಮೆ ಇದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಇದು ಏಳು ದಾಟುತ್ತಿತ್ತು. ನನಗೆ ಗೊತ್ತಿತ್ತು. ಆದರೂ ಸಾವ್ಕಾರ್ರ ಎದುರು ಮಾತಾಡಲಿಲ್ಲ, ಬಿಲ್ಲು ಬರೆದೆ. ಅಂಗಡಿ ಮುಂದೆ ಖಾಲಿ ಕಾರಿನ ಸ್ಟೇರಿಂಗು ಎರಡೂ ಕಡೆ ತಿರುಗಿಸಿ ನೋಡಿದರು, ಎಲ್ಲೂ ತಾಗಲಿಲ್ಲ. ಮಾದೇಶ ಕಾರಿನ ಸುತ್ತ ಒಂದು ಸುತ್ತು ಬಂದು, "ಆನೆ ನಿಂತಂಗ್ ನಿಂತದೆ" ಎಂದು ಖುಷಿಯಾಗಿ ಹೋದ.

ಎರಡು ದಿನ ಬಿಟ್ಟು ಬೆಳಗ್ಗೆ ಹತ್ತರ ಹೊತ್ತಿಗೆ ಫೋನು. ಬೆಟ್ಟದ ರಸ್ತೆಯ ಕೊಕ್ಕೆ ತಿರುವಿನಲ್ಲಿ ಪೂರ್ತಿ ಸ್ಟೇರಿಂಗ್ ಎಳೆದಾಗ, ತುಂಬಿದ ಕಾರು ಕೆಳಗೆ ಕೂತು, ಮುಂದಿನ ಟೈರು ಒಳಗಿನ ಪ್ಲಾಸ್ಟಿಕ್ ಹೊದಿಕೆಗೆ ಉಜ್ಜಿ ಅದನ್ನು ಕಿತ್ತು ಸುತ್ತಿಕೊಂಡಿತ್ತು. ಹೊಗೆ, ಸುಟ್ಟ ವಾಸನೆ. ಕಾರು ಏರಿನಲ್ಲಿ ನಿಂತಿತು. ಮಾದೇಶ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜನರನ್ನೆಲ್ಲ ಇಳಿಸಿದ್ದ.

ನಾನು ಸಾವ್ಕಾರ್ರನ್ನು ಕೇಳಲಿಲ್ಲ. ಅವನ ಹಳೆಯ ಟೈರುಗಳು ಹಿತ್ತಲಲ್ಲೇ ಇದ್ದವು. ಸಾದಿಕ್ ಭಾಯಿ ಅವುಗಳಲ್ಲಿ ಚೆನ್ನಾಗಿದ್ದ ಎರಡನ್ನು ಹಾಕಲು ಬೇಕಾದ ಸಾಮಾನುಗಳ ಜೊತೆ ಪಕ್ಕದ ಅಂಗಡಿಯ ಪಿಕಪ್ಪಿಗೆ ಏರಿಸಿದರು. ರಾಮಾಪುರ ದಾಟಿ, ಬೆಟ್ಟ ಹತ್ತಿ ಆ ತಿರುವಿಗೆ ಬಂದೆವು. ಕಾರಿನಲ್ಲಿದ್ದ ಹನೂರಿನ ಕುಟುಂಬ ಮುಂದಿನ ತಿರುವಿನವರೆಗೆ ನಡೆದು ಹೋಗಿ ತಡೆಗೋಡೆಯ ಪಕ್ಕ ನೆರಳಿನಲ್ಲಿ ಕೂತಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಸಾದಿಕ್ ಭಾಯಿ ಟೈರು ಮುಟ್ಟಿ ನೋಡಿ, ನನಗೆ ಮಾತ್ರ ಕೇಳುವಂತೆ ಹೇಳಿದರು: "ಇನ್ನೆರಡು ತಿರುವು ಓಗಿದ್ರೆ ಒಳಗಿನ ನೂಲು ಕಾಣ್ತಿತ್ತು."

ನಾನು ಮೇಲಿನ ತಿರುವಿಗೆ ನಡೆದು ಹೋದಾಗ ಆ ಕುಟುಂಬದ ಹಿರಿಯಜ್ಜಿ ಎಲೆ ಅಡಿಕೆ ಜಗಿಯುತ್ತ ನನ್ನನ್ನು ಮೇಲಿನಿಂದ ಕೆಳಗೆ ನೋಡಿತು.

"ಟೈರು ಕೊಟ್ಟೋಳು ನೀನೇನವ್ವ?"

"ಊಂ ಅಜ್ಜಿ. ತಪ್ಪಾಯ್ತು."

"ಬೆಟ್ಟುಕ್ಕೆ ನಡ್ಕಂಡೇ ಬತ್ತೀನಿ ಅಂತ ಅರಕೆ ಒತ್ಕಂಡಿದ್ದೆ ಕಣವ್ವ. ಇವ್ರು, ನಿಂಗೆ ಆಗಲ್ಲ ಅಂತ ಕಾರ್ ಮಾಡ್ಬುಟ್ರು. ಕೆಳ್ಗಲ ತಿರುವಿಂದ ಇಲ್ಗಂಟ ನಡ್ದೇ ಬಂದಿವ್ನಿ. ಮಾದಪ್ಪಂಗೆ ಯಾರ್ ಕೈಲಿ ಏನ್ ಮಾಡುಸ್ಬೇಕು ಅಂತ ಗೊತ್ತದೆ. ನೀ ಅಳ್ಬೇಡ ಸುಮ್ಕಿರು."

ನಾನು ಅಳುತ್ತಿದ್ದೆ ಎಂಬುದು ಅಜ್ಜಿ ಹೇಳಿದ ಮೇಲೇ ನನಗೆ ತಿಳಿದದ್ದು.

ಅಂಗಡಿಗೆ ಹಿಂತಿರುಗಿದ ಮೇಲೆ ಸಾವ್ಕಾರ್ರ ಮುಂದೆ ನಿಂತು, "ನಂಗೆ ಗೊತ್ತಿತ್ತು, ಏಳ್ನಿಲ್ಲ. ಇನ್ಮೇಲೆ ಏಳ್ತೀನಿ. ಬ್ಯಾಡ ಅಂದ್ರೆ ಈಗ್ಲೇ ಬುಟ್ಟೋಯ್ತೀನಿ" ಎಂದೆ. ಅವರು ಬಿಲ್ಲುಪುಸ್ತಕ ತೆಗೆದು ಮಾದೇಶನ ಬಿಲ್ಲು ನೋಡಿದರು. ಆಮೇಲೆ, "ಮಾದೇಸನ ಕಾರು ಕರ್ಸು. ಸರಿಯಾಗಿ ನೋಡವ" ಎಂದರು. ಕರೆಸಿದಾಗ ಗೊತ್ತಾಗಿದ್ದೇನೆಂದರೆ, ಅವನ ಮೊದಲಿನ ತೊಂದರೆಗೂ ಟೈರಿಗೂ ಸಂಬಂಧವೇ ಇರಲಿಲ್ಲ. ಹಿಂದಿನ ಸ್ಪ್ರಿಂಗುಗಳು ಸೋತು ಕೂತುಹೋಗಿದ್ದವು. ಅವನ್ನು ಬದಲಾಯಿಸಿ, ಕಾರಿನ ಮೊದಲಿನ ಅಳತೆಯ ಟೈರೇ ಹಾಕಿಸಿದೆವು. ಹಂಪಿನ ಮೇಲೆ ಕರಕರ ನಿಂತಿತು.

ಅಂದಿನಿಂದ ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಬಂತು. ಯಾರಿಗೇ ಆಗಲಿ ಅಳತೆ ಬದಲಾಯಿಸಿ ಟೈರು ಹಾಕಿದರೆ, ಕಾರಿನಲ್ಲಿ ಐದು ಜನ ಕೂತು, ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ಎಳೆದು, ಒಂದು ಹಂಪು ಹತ್ತಿಸಿ ಇಳಿಸಿ ನೋಡಬೇಕು. ಈ ಪರೀಕ್ಷೆಗೆ ಸಾವ್ಕಾರ್ರು ತಾವೇ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. "ನಾ ಕುಂತ್ ಮೇಲೂ ತಾಗ್ನಿಲ್ಲ ಅಂದ್ರೆ ಇನ್ಯಾರ್ ಕುಂತ್ರೂ ತಾಗಲ್ಲ" ಎನ್ನುತ್ತಿದ್ದರು. ಅದು ನಿಜವೂ ಆಗಿತ್ತು.

ಕೆಲಸದ ರೀತಿ ಬದಲಾದದ್ದನ್ನೂ ಒಂದಿಷ್ಟು ಹೇಳಬೇಕು. ನಾಲ್ಕು ಚಕ್ರ ನೇರವಾಗಿ ನಿಂತಿವೆಯೇ ಎಂದು ನೋಡಲು ಸಾದಿಕ್ ಭಾಯಿ ಕಾರಿನ ಉದ್ದಕ್ಕೂ ನೈಲಾನ್ ದಾರ ಬಿಗಿಯಾಗಿ ಕಟ್ಟಿ ಅಳೆಯುತ್ತಿದ್ದರು. ಕಂಪ್ಯೂಟರ್ ಯಂತ್ರ ಬಂದ ದಿನ ಅವರ ದಾರಕ್ಕೂ ಯಂತ್ರಕ್ಕೂ ಪಂದ್ಯ ಇಟ್ಟೆವು. ಸಾದಿಕ್ ಭಾಯಿ ಗೆಲ್ಲಲಿ ಎಂದು ನಾನು ಮನಸ್ಸಿನಲ್ಲೇ ಹಾರೈಸಿದೆ. ಗೆಲ್ಲಲಿಲ್ಲ. ಮುಂದಿನ ಚಕ್ರಗಳನ್ನು ಹೆಚ್ಚುಕಡಿಮೆ ಸರಿ ಹೇಳಿದರು, ಹಿಂದಿನದರಲ್ಲಿ ತಪ್ಪಿದರು. ಅವರು ದಾರ ಸುತ್ತಿ ಜೇಬಿಗೆ ಹಾಕಿಕೊಂಡು, "ಇದು ಎಂಗೆ ಆನ್ ಮಾಡೋದು ತೋರ್ಸು" ಎಂದು ಯಂತ್ರ ತಂದವನ ಪಕ್ಕ ಕೂತರು. ಒಂದು ವಾರದಲ್ಲಿ ಅದನ್ನು ಅವರಷ್ಟು ಚೆನ್ನಾಗಿ ನಡೆಸುವವರು ಕೊಳ್ಳೇಗಾಲದಲ್ಲಿ ಇರಲಿಲ್ಲ. ಹಳೆಯದೇ ಒಳ್ಳೆಯದಿತ್ತು ಎನ್ನುವವರ ಮಾತು ಕೇಳಿದಾಗೆಲ್ಲ ನನಗೆ ಸಾದಿಕ್ ಭಾಯಿಯ ಆ ಮುಖ ಕಣ್ಣ ಮುಂದೆ ಬರುತ್ತದೆ. ಅದರಲ್ಲಿ ಸೋತ ಬೇಸರಕ್ಕಿಂತ ಕುತೂಹಲವೇ ಹೆಚ್ಚಾಗಿತ್ತು.

ಇನ್ನು ಕಂಪನಿ ಯಾವುದು ಒಳ್ಳೆಯದು ಎಂಬ ಪ್ರಶ್ನೆ. ಇದನ್ನು ನನಗೆ ಕೇಳದವರಿಲ್ಲ. ದೇವಸ್ಥಾನದಲ್ಲಿ ಮಂಗಳಾರತಿ ತೆಗೆದುಕೊಳ್ಳುವಾಗಲೂ ಕೇಳಿದ್ದಾರೆ. ಹೆಸರು ಇಲ್ಲಿ ಬರೆಯುವುದಿಲ್ಲ. ಯಾಕೆಂದರೆ ಪೇಟೆಯೊಳಗೆ ಓಡಾಡುವ ವಕೀಲರಿಗೆ ಒಳ್ಳೆಯದಾದದ್ದು ಕಾಡಂಚಿನವರಿಗೆ ಒಳ್ಳೆಯದಾಗಲಿಲ್ಲ. ಮೆತ್ತಗಿನ ರಬ್ಬರಿನದು ಸದ್ದು ಮಾಡುವುದಿಲ್ಲ, ಮಳೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿಯದು ಬಹಳ ಬಾಳುತ್ತದೆ, ಆದರೆ ಗಡಗಡ ಅನ್ನುತ್ತದೆ. ಕೆಲವರ ಟೈರು ಸವೆಯುವುದೇ ಇಲ್ಲ, ಏಕೆಂದರೆ ಕಾರು ಶೆಡ್ಡಿನಲ್ಲೇ ಇರುತ್ತದೆ. ಅಂಥವರು ಹೂವು, ಅಂದರೆ ಟೈರಿನ ಮೇಲಿನ ಅಚ್ಚು, ಚೆನ್ನಾಗಿದೆ ಎಂದು ಬೆರಳಿಟ್ಟು ತೋರಿಸುತ್ತಾರೆ. ಪಕ್ಕೆಯಲ್ಲಿ ಬಿರುಕು ಬಿಟ್ಟಿರುತ್ತದೆ. ಅದಕ್ಕೇ ಹೊಸದು ಕೊಡುವಾಗಲೂ ಟೈರು ತಯಾರಾದ ವಾರ ಹೇಳುವ ಆ ನಾಲ್ಕು ಅಂಕಿ ನೋಡಿ ಕೊಡಬೇಕು.

ರಾಮಾಪುರದ ಆಚೆ ಆರೋಗ್ಯ ಉಪಕೇಂದ್ರದಲ್ಲಿ ಕೇತಮ್ಮ ಎಂಬ ನರ್ಸ್ ಇದ್ದಳು. ಸೋಲಿಗರ ಹೆಣ್ಣುಮಗಳು. ಕಾಡಿನ ಪೋಡಿನಲ್ಲೇ, ಅಂದರೆ ಸೋಲಿಗರ ಹಾಡಿಯಲ್ಲೇ, ಹುಟ್ಟಿ ಬೆಳೆದು, ಓದಿ, ಆಮೇಲೆ ಅದೇ ಸುತ್ತಿನ ಪೋಡುಗಳಿಗೆ ಲಸಿಕೆ ಹಾಕಲು, ಬಸುರಿಯರನ್ನು ನೋಡಲು ಹೋಗುತ್ತಿದ್ದಳು. ಅವಳೂ ಅವಳ ಅಣ್ಣನೂ ಸೇರಿ ಹಳೆಯ ಡಿಕ್ಕಿ ಕಾರೊಂದನ್ನು ಕೊಂಡಿದ್ದರು. ಮೂರು ತಿಂಗಳಿಗೊಮ್ಮೆ ಪಕ್ಕೆ ಸೀಳಿದ ಟೈರು ತಂದು ನಮ್ಮ ಮುಂದೆ ಉರುಳಿಸುತ್ತಿದ್ದಳು.

ಅದೇ ಸಮಯದಲ್ಲಿ ಒಂದು ಕಂಪನಿಯ ಪ್ರತಿನಿಧಿ ಬರುತ್ತಿದ್ದ. ಅವರ ಹೊಸ ಟೈರು ಇಂತಿಷ್ಟು ಮಾರಿದರೆ ವಿದೇಶ ಪ್ರವಾಸ ಎಂದು ಸಾವ್ಕಾರ್ರಿಗೆ ಹೇಳಿದ್ದ. ಬಹಳ ನಯವಾದ ಟೈರು, ಕಾರು ಓಡುವುದೇ ಕೇಳಿಸುವುದಿಲ್ಲ. ಕೇತಮ್ಮನಿಗೂ ಅದನ್ನೇ ಕೊಡಿ ಎಂದ. ನಾನು ಆ ಭಾನುವಾರ ಕೇತಮ್ಮನ ಕಾರಿನಲ್ಲಿ ಕೂತು ಅವಳ ದಾರಿ ನೋಡಿಕೊಂಡು ಬಂದೆ. ಡಾಂಬರು ಮುಗಿದ ಮೇಲೆ ಕರಿಕಲ್ಲಿನ ಚೂಪು ಅಂಚುಗಳು, ಒಣಗಿದ ಹಳ್ಳ, ಕತ್ತರಿಸಿದ ಲಂಟಾನದ ಬುಡಗಳು. ನಯವಾದ ಟೈರಿನ ತೆಳು ಪಕ್ಕೆ ಅಲ್ಲಿ ಒಂದು ತಿಂಗಳೂ ಬಾಳದು. ಅಳತೆ ಅದೇ ಇಟ್ಟು, ದಪ್ಪ ಪಕ್ಕೆಯ, ಒರಟು ಟೈರು ಕೊಡುವುದೆಂದು ತೀರ್ಮಾನಿಸಿದೆ. ಹಾಕಿದ ವಾರಕ್ಕೆ ಫೋನ್ ಮಾಡಿದಳು.

"ಅಕ್ಕ, ಜೇನು ಎದ್ದಂಗೆ ಗುಂಯ್ ಅಂತ ಸದ್ದು ಮಾಡ್ತದೆ."

"ಸೀಳ್ತಾ?"

"ಇಲ್ಲ."

"ಅಂಗಾರೆ ಗುಂಯ್ ಅನ್ಲಿ ಬುಡು."

ಸಾವ್ಕಾರ್ರು ವಿದೇಶಕ್ಕೆ ಹೋಗಲಿಲ್ಲ. ನನ್ನನ್ನು ಕಂಡಾಗೆಲ್ಲ ಎರಡು ತಿಂಗಳು, "ಈಗ ನಾನು ಸಿಂಗಾಪುರದಲ್ಲಿ ಇರ್ಬೇಕಾಗಿತ್ತು" ಎನ್ನುತ್ತಿದ್ದರು.

ಎರಡು ವರ್ಷದ ಮೇಲೆ, ಒಂದು ಮಧ್ಯಾಹ್ನ ಒಂದು ಗಂಟೆಗೆ ಕೇತಮ್ಮ ಗಾಳಿ ತುಂಬಿಸಲು ಬಂದಳು. ಕೊಳ್ಳೇಗಾಲಕ್ಕೆ ತೂಕದ ಯಂತ್ರ ರಿಪೇರಿಗೆಂದು ಬಂದಿದ್ದವಳಿಗೆ ಪೋಡಿನಿಂದ ಫೋನ್ ಬಂದಿತ್ತು. ಒಬ್ಬ ಹೆಂಗಸಿಗೆ ದಿನಕ್ಕೆ ಮೊದಲೇ ನೋವು ಶುರುವಾಗಿತ್ತು. ಆಂಬುಲೆನ್ಸು ಇನ್ನೊಂದು ಹೆರಿಗೆಗೆ ಹೋಗಿತ್ತು. ಕೇತಮ್ಮ ತಾನೇ ಕರೆತರಲು ಹೊರಟಿದ್ದಳು.

"ಬೇಗ ಅಕ್ಕ, ಗಾಳಿ ಒಂದು ನೋಡ್ಬುಡು, ಓಯ್ತೀನಿ."

ನಾನು ಗಾಳಿ ಹಿಡಿಯುತ್ತ ಹಿಂದಿನ ಎಡಚಕ್ರದ ಒಳಪಕ್ಕೆಗೆ ಕೈ ಹಾಕಿದೆ. ಇದು ನನ್ನ ಅಭ್ಯಾಸ. ಹೊರಪಕ್ಕೆ ಎಲ್ಲರಿಗೂ ಕಾಣುತ್ತದೆ, ಒಳಪಕ್ಕೆ ಕೈಗೆ ಮಾತ್ರ. ನಿಂಬೆಹಣ್ಣಿನ ಗಾತ್ರದ ಬುಗ್ಗೆ ಸಿಕ್ಕಿತು. ಯಾವುದೋ ಗುಂಡಿಗೆ ಜೋರಾಗಿ ಬಿದ್ದು ಒಳಗಿನ ನೂಲು ಹರಿದಿತ್ತು. ಅಂಥ ಟೈರು ಯಾವಾಗ ಒಡೆಯುತ್ತದೋ ಹೇಳಲಾಗದು.

ನಾನು ಎದ್ದು ಕಾರಿನ ಕೀ ತೆಗೆದು ಸೆರಗಿಗೆ ಗಂಟು ಹಾಕಿಕೊಂಡೆ.

"ಅಕ್ಕ, ಕೀ ಕೊಡು! ಅಲ್ಲಿ ಒಂದು ಜೀವ ಕಾಯ್ತಾ ಅದೆ!"

"ಎರಡು ಜೀವ ಕಾಯ್ತಾ ಅವೆ ಕಣವ್ವ. ಅದುಕ್ಕೇ ಕೊಡಲ್ಲ. ಸ್ಟೆಪ್ನಿ ಎಲ್ಲಿ?"

ಸ್ಟೆಪ್ನಿ ಹಳೆಯ ಟೈರು, ಅದೂ ಪಕ್ಕೆ ಸೀಳಿ ಡಿಕ್ಕಿಯಲ್ಲೇ ಮಲಗಿತ್ತು. ಅವಳ ಅಳತೆಯ ಟೈರು ಅಂದು ಅಂಗಡಿಯಲ್ಲಿ ಒಂದೂ ಇರಲಿಲ್ಲ, ಮೈಸೂರಿನಿಂದ ಸಂಜೆಗೆ ಬರಬೇಕಿತ್ತು. ಸಾದಿಕ್ ಭಾಯಿ ನನ್ನ ಮುಖ ನೋಡಿದರು. ನಾನು ಅಂಗಡಿ ಮುಂದೆ ಬೇವಿನ ಮರದಡಿ ನಿಂತಿದ್ದ ಸಾವ್ಕಾರ್ರ ಕಾರು ನೋಡಿದೆ. 185/60 R15. ಅದೇ ಅಳತೆ, ಡಿಸ್ಕಿನ ನಟ್ಟಿನ ಲೆಕ್ಕವೂ ಅದೇ, ಏಕೆಂದರೆ ಕಾರೂ ಅದೇ ಜಾತಿಯದು. ಸಾವ್ಕಾರ್ರು ಊಟ ಮುಗಿಸಿ ಒಳಗೆ ಮಲಗಿದ್ದರು. ಗೊರಕೆ ಕೇಳಿಸುತ್ತಿತ್ತು.

"ತಂಗ್ಯಮ್ಮ, ಎಬ್ಬಿಸಿ ಕೇಳೋಣ?"

"ಎಬ್ಬಿಸಿ, ಅವ್ರು ಮುಖ ತೊಳ್ದು, ನಾನು ಏಳಿ, ಅವ್ರು ಬೈದು ಮುಗ್ಸೋಗಂಟ ಆ ಹೆಂಗ್ಸು ಕಾಯಕ್ಕಾಗಲ್ಲ. ಜಾಕ್ ಆಕಿ ಭಾಯಿ."

ಹಿಂದಿನ ಎರಡೂ ಚಕ್ರ ಬಿಚ್ಚಿದೆವು. ಒಂದೇ ಹಾಕಿದರೆ ಒಂದು ಕಡೆ ನಯ, ಒಂದು ಕಡೆ ಒರಟು ಆಗಿ ಬ್ರೇಕ್ ಹಾಕಿದಾಗ ಎಳೆಯುತ್ತದೆ, ಜೋಡಿಯೇ ಹಾಕಬೇಕು. ಇಂಥ ಗಡಿಬಿಡಿಯಲ್ಲೂ ಸಾದಿಕ್ ಭಾಯಿ ಪ್ರತಿ ನಟ್ಟನ್ನೂ ಎರಡು ಸಲ ಬಿಗಿದರು. ಕೇತಮ್ಮ ಡಾಂಬರು ಮುಗಿಯುವ ಜಾಗದಲ್ಲೇ ಕಾರು ನಿಲ್ಲಿಸಿಕೊಳ್ಳುವುದು, ಪೋಡಿನಿಂದ ಅಲ್ಲಿಯವರೆಗೆ ಅರಣ್ಯ ಇಲಾಖೆಯ ಜೀಪಿನಲ್ಲಿ ಹೆಂಗಸನ್ನು ಕರೆತರಿಸುವುದು ಎಂದು ಅವಳ ಅಣ್ಣನಿಗೆ ಫೋನಿನಲ್ಲೇ ಹೇಳಿ ಒಪ್ಪಿಸಿದೆ, ಆ ನಯವಾದ ಟೈರು ಕಲ್ಲಿಗೆ ತಡೆಯುವುದಿಲ್ಲವಲ್ಲ. ಇಪ್ಪತ್ತು ನಿಮಿಷದೊಳಗೆ ಕಾರು ಹೊರಟಿತು.

ಮೂರು ಗಂಟೆಗೆ ಸಾವ್ಕಾರ್ರು ಆಕಳಿಸುತ್ತ ಹೊರಗೆ ಬಂದರು. ಅವರ ಕಾರು ಹಿಂದಿನ ಚಕ್ರಗಳಿಲ್ಲದೆ ಕಟ್ಟಿಗೆಯ ದಿಮ್ಮಿಗಳ ಮೇಲೆ ಕೂತಿತ್ತು.

"ಇದೇನ್ಲಾ ಇದು!"

ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರು ಹಾಗೇ ಮೆಟ್ಟಿಲ ಮೇಲೆ ಕೂತರು. ಬೈಗುಳಕ್ಕೆ ಕಾದೆ.

"ಗಾಳಿ ಸರಿಯಾಗಿ ನೋಡಿದ್ಯಾ? ನನ್ ಟೈರಲ್ಲಿ ಕಮ್ಮಿ ಇತ್ತು."

"ನೋಡಿ ತುಂಬ್ಸಿ ಕಳ್ಸಿದೆ ಸಾವ್ಕಾರ್ರೆ."

"ಸರಿ ಬುಡು. ನಿನ್ ಬಸ್ಸಲ್ಲೇ ಬತ್ತೀನಿ."

ಅವರ ಮನೆ ಯಳಂದೂರಿನಲ್ಲಿ. ಮೈಸೂರಿನಿಂದ ಟೈರು ಬರುವುದು ತಡವಾಯಿತು. ಸಂಜೆ ನಾವಿಬ್ಬರೂ ಯಳಂದೂರು ಬಸ್ಸು ಹತ್ತಿದೆವು. ಸಾವ್ಕಾರ್ರು ಬಸ್ಸು ಹತ್ತಿ ಎಷ್ಟು ವರ್ಷವಾಗಿತ್ತೋ. ಸೀಟು ಇರಲಿಲ್ಲ. ಎರಡೂ ಕೈಯಲ್ಲಿ ಕಂಬಿ ಹಿಡಿದು, ಪ್ರತಿ ತಿರುವಿಗೂ ಪಕ್ಕದವರ ಮೇಲೆ ವಾಲುತ್ತ, "ಈ ಬಸ್ಸಿನ ಮುಂದಿನ್ ಎಡಚಕ್ರ ಅಲ್ಲಾಡ್ತದೆ, ಯಾರೂ ನೋಡ್ನಿಲ್ವಾ?" ಎಂದು ಕಂಡಕ್ಟರಿಗೆ ಗದರುತ್ತಿದ್ದರು. ನಾನು ಕೈಯಲ್ಲೇ ಫೋನ್ ಹಿಡಿದಿದ್ದೆ. ನಾಲ್ಕು ಗಂಟೆಯಿಂದ ಕೇತಮ್ಮನ ಸುದ್ದಿ ಇರಲಿಲ್ಲ.

ಮಾಂಬಳ್ಳಿ ಇನ್ನೇನು ಬರಬೇಕು, ಫೋನ್ ಬಂತು. ಕೇತಮ್ಮ ನಗುತ್ತಿದ್ದಳು.

"ಅಕ್ಕ, ಆಸ್ಪತ್ರೆಗೆ ಬಂದ ಅರ್ಧ ಗಂಟೆಗೆ ಆಯ್ತು. ಎಣ್ಮಗ. ಇಬ್ರೂ ಚೆನ್ನಾಗವ್ರೆ."

ನಾನು ಸಾವ್ಕಾರ್ರ ಕಡೆ ತಿರುಗಿ ಹೇಳಿದೆ. ಅವರು ಕಂಬಿ ಬಿಟ್ಟು ಎರಡೂ ಕೈ ಮೇಲೆತ್ತಿದರು. ಬಸ್ಸು ವಾಲಿತು. ಅವರೂ ವಾಲಿ ಒಬ್ಬ ಮುದುಕನ ಮಡಿಲಿನಲ್ಲಿ ಕೂತೇಬಿಟ್ಟರು. ಅಲ್ಲಿಂದಲೇ ಆ ದೊಡ್ಡ ದನಿಯಲ್ಲಿ ಇಡೀ ಬಸ್ಸಿಗೆ ಸಾರಿದರು:

"ನನ್ ಟೈರ್ ಮೇಲೆ ಬಂದು ಉಟ್ಟದೆ ಕಣ್ರಪ್ಪ, ಎಣ್ಮಗ!"

ಯಾರಿಗೂ ಏನೂ ಅರ್ಥವಾಗಲಿಲ್ಲ, ಆದರೂ ಎಲ್ಲರೂ ನಕ್ಕರು. ಕಂಡಕ್ಟರು, "ಅಂಗಾರೆ ಸ್ವೀಟು ಎಲ್ಲಿ ಸಾವ್ಕಾರ್ರೆ?" ಎಂದ. ಮಾಂಬಳ್ಳಿ ಬಂತು. ನನ್ನ ಹಿಂದೆಯೇ ಸಾವ್ಕಾರ್ರೂ ಇಳಿದು ಬೇಕರಿಯ ಕಡೆ ಓಡುವುದನ್ನು ನೋಡಿದೆ. ಅವರು ಓಡಿದ್ದನ್ನು ಅದಕ್ಕೆ ಮೊದಲೂ ನಾನು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಡ್ರೈವರ್ ಇಂಜಿನ್ ಆರಿಸಿ, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಮೈಸೂರುಪಾಕಿಗೆ ಕೈ ಚಾಚಿಕೊಂಡು ಕಾದ.